ದನಿಯಚ್ಚು

ಗದಗಿನ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಫಕ್ಕೀರಪ್ಪ ಬಡಿಗೇರ ಗಜೇಂದ್ರಗಡದ ಬಸ್ಸು ಕೂಗುತ್ತಿದ್ದಾಗ ಅವನ ದನಿ ನಿಂತುಹೋಯಿತು.

“ಕೋಟುಮಚಗಿ, ನರೇಗಲ್ಲ, ಗಜೇಂದ್ರಗಡ ಹೋಗೋರು ಲಗೂ ಹತ್ರಿ, ಬಾಗಲದಾಗ ನಿಂದರಬ್ಯಾಡ್ರಿ, ಒಳಗ—” ಎಂಬಲ್ಲಿಗೆ ಮೈಕು ಸುಮ್ಮನಾಯಿತು. ಅವನ ತುಟಿಗಳು ಇನ್ನೂ ಆಡುತ್ತಿದ್ದವು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಂಟ್ರೋಲರ್ ಕೋಣೆಯ ಕಿಟಕಿಯತ್ತ ತಿರುಗಿ, “ಒಳಗ ಏನ್ರಿ?” ಎಂದು ಕೇಳಿದಳು. ಆಗಲೇ ಅವನಿಗೆ ಗೊತ್ತಾದದ್ದು. ಕೊರಳಿಗೆ ಕೈ ಹಾಕಿ ನೋಡಿಕೊಂಡ. ಪಟ್ಟಿ ಇದ್ದಲ್ಲೇ ಇತ್ತು. ಅದರ ಮೇಲಿನ ಹಸಿರು ದೀಪ ಮಾತ್ರ ಆರಿತ್ತು.

ಗಂಟಲಿನ ಕ್ಯಾನ್ಸರಿಗೆಂದು ಡಾಕ್ಟರು ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದು ಹತ್ತು ವರ್ಷದ ಮೇಲಾಗಿತ್ತು. ಈಗ ಅವನು ಉಸಿರಾಡುತ್ತಿದ್ದುದು ಕತ್ತಿನ ಬುಡದಲ್ಲಿದ್ದ ಒಂದು ತೂತಿನಿಂದ. ಹಾಗೆ ದನಿ ಕಳೆದುಕೊಂಡವರಿಗಾಗಿ ಹುಬ್ಬಳ್ಳಿಯ ಒಂದು ಸಂಸ್ಥೆ ಹೊಸ ಸಾಧನವೊಂದನ್ನು ಮಾಡಿತ್ತು. ಸಂಸ್ಥೆಯ ಹೆಸರು ‘ಕೊರಳು’. ಬೆರಳಗಲದ ಮೆತ್ತನೆಯ ಪಟ್ಟಿಯನ್ನು ಕತ್ತಿಗೆ ಕಟ್ಟಿಕೊಂಡು, ಸದ್ದಿಲ್ಲದೆ, ಎಂದಿನಂತೆ ಬಾಯಾಡಿಸಿದರೆ ಸಾಕು. ಗದ್ದದ ಕೆಳಗಿನ ಸ್ನಾಯುಗಳ ಮಿಡಿತವನ್ನು ಪಟ್ಟಿ ಓದಿ, ಕಿಸೆಯ ಮೊಬೈಲಿನ ಮೂಲಕ ಹುಬ್ಬಳ್ಳಿಗೆ ಕಳಿಸುತ್ತಿತ್ತು. ಅಲ್ಲಿಯ ಯಂತ್ರಗಳಲ್ಲಿ ಪ್ರತಿಯೊಬ್ಬರದೂ ಒಂದು ‘ದನಿಯಚ್ಚು’ ಇರುತ್ತಿತ್ತು. ಆಪರೇಷನ್ನಿಗೆ ಮುಂಚೆ ಅವರು ಮಾತಾಡಿದ್ದನ್ನು ಹಿಡಿದಿಟ್ಟುಕೊಂಡು ಕಟ್ಟಿದ ಅಚ್ಚು. ಮಾತು ಆ ಅಚ್ಚಿನೊಳಗೆ ಹಾದು, ಅವರದೇ ದನಿಯಾಗಿ, ರೆಪ್ಪೆ ಬಡಿಯುವಷ್ಟರಲ್ಲಿ ಮರಳಿ ಪಟ್ಟಿಗೆ ಬರುತ್ತಿತ್ತು. ಪಟ್ಟಿಯಲ್ಲಿದ್ದ ಅಂಗಿಗುಂಡಿಯಷ್ಟು ಸ್ಪೀಕರು ಅದನ್ನು ನುಡಿಯುತ್ತಿತ್ತು.

ಫಕ್ಕೀರಪ್ಪನ ದನಿ ಹಾಗೆ ಮರಳಿ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಪೇಢೆ ಹಂಚಿದ್ದರು. ಆದರೆ ಆ ದನಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಅವನ ಹೆಂಡತಿ ನೀಲಗಂಗಾಳಿಗೆ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡನೇ ಇಯತ್ತೆಯಲ್ಲಿದ್ದಾಗ ಬಂದ ಜ್ವರ ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಹರೆಯದಲ್ಲಿ ಅವಳು ದಿನಾಲು ಲಕ್ಷ್ಮೇಶ್ವರದ ಬಸ್ಸು ಹಿಡಿದು ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಆಗ ಹೊಸದಾಗಿ ಬಂದಿದ್ದ ಕಂಟ್ರೋಲರ್ ಮೈಕಿನಲ್ಲಿ, “ಲಕ್ಷ್ಮೇಶ್ವರದ ಬಸ್ಸು ಬಂದೈತಿ, ಮೆಟ್ಟಲಾ ಎತ್ತರ ಐತಿ, ಸಾವಕಾಶ ಹತ್ರಿ” ಎನ್ನುತ್ತಿದ್ದ. ಬೇರೆ ಯಾವ ಬಸ್ಸಿನ ಮೆಟ್ಟಿಲ ಬಗ್ಗೆಯೂ ಅವನು ಮಾತಾಡುತ್ತಿರಲಿಲ್ಲ. ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ತನ್ನೊಬ್ಬಳಿಗೇ ಹೇಳುತ್ತಿದ್ದಾನೆ ಎಂಬುದು ಅವಳಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಈಗ ಇಬ್ಬರಿಗೂ ಐವತ್ತು ದಾಟಿತ್ತು. ನೀಲಗಂಗಾ ಬೆಟಗೇರಿಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಚಹಾದ ಹೊತ್ತಿಗೆ ಫಕ್ಕೀರಪ್ಪ ಮನೆಗೊಂದು ಫೋನು ಮಾಡುವುದು ರೂಢಿ. ಅಂದೂ ಗಡಿಬಿಡಿಯಲ್ಲಿ, ರೂಢಿಯಂತೆ, ಮಾಡಿಬಿಟ್ಟ.

“ಹಾಂ, ಹೇಳ್ರಿ,” ಎಂದಳು ನೀಲಗಂಗಾ. ಬಸ್ಸಿನ ಹಾರ್ನು ಕೇಳಿಸಿತು. ಶೇಂಗಾ ಮಾರುವವನ ಕೂಗು ಕೇಳಿಸಿತು. ಗಂಡ ಕೇಳಿಸಲಿಲ್ಲ.

“ಏನ್ರಿ? ಯಾಕ ಸುಮ್ಮನದೀರಿ? ಅರಾಮದೀರಿ ಹೌದಲ್ಲೋ?”

ಫಕ್ಕೀರಪ್ಪ ಫೋನನ್ನು ಉಗುರಿನಿಂದ ಟಕಟಕ ಬಡಿದ. ಅದರಿಂದ ಅವಳಿಗೆ ಇನ್ನಷ್ಟು ಗಾಬರಿಯಾಯಿತು. ಕಡೆಗೆ ಅವನು ಓಡಿಹೋಗಿ ಕಂಡಕ್ಟರ್ ದ್ಯಾಮಣ್ಣನ ಕೈಗೆ ಫೋನು ಕೊಟ್ಟ. “ವೈನಿ, ಅಂಜಬ್ಯಾಡ್ರಿ. ನಮ್ಮ ಸಾಹೇಬ್ರು ಕಲ್ಲಗುಂಡಿನಂಗ ನಿಂತಾರ. ಕೊರಳಾಗಿನ ಪಟ್ಟಿ ಅಷ್ಟ ಬಂದ್ ಆಗೇತಿ,” ಎಂದು ದ್ಯಾಮಣ್ಣ ಹೇಳಿದ ಮೇಲೆ ಅವಳು ಒಲೆಯ ಮುಂದೆ ಕುಳಿತಳು.

*

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ರಾಜ್ಯದ ನಕಾಶೆಯಿತ್ತು. ಅದರ ತುಂಬ ಸಾಸಿವೆ ಚೆಲ್ಲಿದಂತೆ ಹಸಿರು ಚುಕ್ಕೆಗಳಿರುತ್ತಿದ್ದವು. ಒಂದೊಂದು ಚುಕ್ಕೆಯೂ ಒಬ್ಬೊಬ್ಬರ ಕೊರಳು. ಅಂದು ಬೆಳಿಗ್ಗೆ ಎಲ್ಲವೂ ಬೂದಿಬಣ್ಣಕ್ಕೆ ತಿರುಗಿದ್ದವು.

ಅವನ್ನು ಆರಿಸಿದವರು ಮುಖ್ಯ ಎಂಜಿನಿಯರ್ ಇರ್ಫಾನ್ ಮುಲ್ಲಾ ಅವರೇ. ದನಿಯಚ್ಚುಗಳನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವ ಕೆಲಸ ನಡೆದಿತ್ತು. ಯಾವ ಅಚ್ಚು ಯಾರದೆಂಬ ಜೋಡಣೆ ಅದರಲ್ಲಿ ಕಲಸಿಹೋಯಿತು. ಬಾಗಲಕೋಟೆಯ ಮಾಸ್ತರರೊಬ್ಬರು ಪಾಠ ಶುರುಮಾಡಿದರೆ ಯಾರೋ ಹೆಂಗಸಿನ ದನಿ ಬಂದಿತು. ತುಮಕೂರಿನ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದರೆ ಗಂಡಸು ಕರೆದಂತಾಗಿ ಮಗು ಅಳತೊಡಗಿತು. “ಒಬ್ಬರ ದನಿ ಇನ್ನೊಬ್ಬರ ಬಾಯಾಗ ಬರಬಾರದು. ಅದಕ್ಕಿಂತ ಸುಮ್ಮನಿರೂದ ಛಲೋ,” ಎಂದು ಇರ್ಫಾನ್ ಸೇವೆಯನ್ನೇ ನಿಲ್ಲಿಸಿದರು.

ಇಂಥ ಹೊತ್ತಿನಲ್ಲಿ ಬಳಕೆದಾರರಿಗೆ ವಿಷಯ ತಿಳಿಸುವುದು ಭಾರ್ಗವಿ ಕಟ್ಟಿಯ ಕೆಲಸ. ಧಾರವಾಡದ ಹುಡುಗಿ, ಪತ್ರಿಕೆಯೊಂದರಲ್ಲಿ ಕೆಲವು ಕಾಲ ದುಡಿದು ಇಲ್ಲಿಗೆ ಬಂದವಳು. ಸಿದ್ಧವಾಗಿಟ್ಟಿದ್ದ ಸಂದೇಶವೊಂದಿತ್ತು: ‘ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ತಾತ್ಕಾಲಿಕ ವ್ಯತ್ಯಯ ಉಂಟಾಗಿದೆ. ಶೀಘ್ರವೇ ಸರಿಪಡಿಸಲಾಗುವುದು. ಹೆಚ್ಚಿನ ಮಾಹಿತಿಗೆ ನಮ್ಮ ಸಹಾಯವಾಣಿಗೆ ಕರೆ ಮಾಡಿ.’ ಅದನ್ನೇ ಎಲ್ಲರ ಮೊಬೈಲಿಗೂ ಕಳಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಸಹಾಯವಾಣಿಯ ಪರದೆಯನ್ನು ನೋಡಿದಾಗ ಅವಳಿಗೆ ವಿಚಿತ್ರವೆನಿಸಿತು. ಕರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಆದರೆ ಬಂದಂತೆಯೇ ಕಡಿದುಹೋಗುತ್ತಿದ್ದವು. ಪ್ರತಿಯೊಂದರ ಮುಂದೆಯೂ ‘ಖಾಲಿ ಕರೆ’ ಎಂದಿತ್ತು. ಆ ಕಡೆಯಿಂದ ಯಾರೂ ಮಾತಾಡದಿದ್ದರೆ ಯಂತ್ರ ತಾನೇ ಫೋನು ಕಡಿಯುತ್ತಿತ್ತು.

“ಅಯ್ಯ ದೇವರ!” ಎಂದಳು ಭಾರ್ಗವಿ. “ಸರ್, ದನಿ ಇಲ್ಲದವರಿಗೆ ಫೋನ್ ಮಾಡ್ರಿ ಅಂತ ಹೇಳೇವಿ. ಅವರು ಮಾಡ್ಲಿಕತ್ತಾರ. ನಾವು ಕಡೀಲಿಕತ್ತೇವಿ.”

ಇರ್ಫಾನ್ ಹಣೆ ಒತ್ತಿಕೊಂಡರು. ಕಡಿಯುವ ಯಂತ್ರವನ್ನು ಕೂಡಲೇ ನಿಲ್ಲಿಸಿದರು. ಭಾರ್ಗವಿ ಮೊದಲ ಕರೆಯನ್ನು ತಾನೇ ಎತ್ತಿದಳು. ಎಲ್ಲೋ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಯಾರೂ ಮಾತಾಡಲಿಲ್ಲ.

“ನೀವು ನಮ್ಮ ಪಟ್ಟಿ ಕಟ್ಟಿಕೊಂಡೋರೇನ್ರಿ? ಹೌದಂದ್ರ ಫೋನಿನ ಮ್ಯಾಲೆ ಒಮ್ಮೆ ಬಡೀರಿ.”

ಟಕ್.

ಭಾರ್ಗವಿ ಹೇಳಿದಳು: “ನಿಮ್ಮ ಪಟ್ಟಿ ಕೆಟ್ಟಿಲ್ಲ. ತಪ್ಪು ಏನದ ಅದು ನಮ್ಮ ಕಡೆಯಿಂದ ಆಗೇದ. ಪಟ್ಟಿ ಬಿಚ್ಚಿ ಒರೆಸೋದು, ಎಳೆಯೋದು ಏನೂ ಮಾಡಬ್ಯಾಡ್ರಿ. ನಾನು ಹೇಳಿದ್ದು ತಿಳೀತೇನ್ರಿ?”

ಟಕ್.

ಅಂದು ಸಹಾಯವಾಣಿಯವರೆಲ್ಲ ಇದೇ ರೀತಿ ಮಾತಾಡಿದರು. ಕೆಲವರು ವಿಷಯ ತಿಳಿದ ಮೇಲೂ ಫೋನು ಇಡುತ್ತಿರಲಿಲ್ಲ. ಸುಮ್ಮನೆ ಇನ್ನಷ್ಟು ಹೊತ್ತು ಬಡಿಯುತ್ತಿದ್ದರು. ಅವರಿಗೆ ಬೇಕಾದದ್ದು ಮಾಹಿತಿಯಲ್ಲ, ಜೊತೆ ಎಂದು ಅರಿತು ಭಾರ್ಗವಿ, ಊಟ ಆಯಿತೇ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳುತ್ತಾ ಕೂತಳು.

ಸಂಜೆಯ ಹೊತ್ತಿಗೆ ಮಾತಾಡುವ ಕರೆಯೊಂದು ಬಂತು.

“ನಾ ನೀಲಗಂಗಾ ಅಂತ, ಗದಗಿನಿಂದ. ನನ್ನ ಮನಿಯವರು ನಿಮ್ಮ ಪಟ್ಟಿ ಕಟ್ಟತಾರ. ಬಾಜೂದ ಮನಿಯಾಕಿ ನೀವು ಬರೆದಿದ್ದು ಓದಿ ಹೇಳಿದ್ಲು. ‘ಶೀಘ್ರ’ ಅಂತ ಬರದೀರಂತಲ್ಲ, ಶೀಘ್ರ ಅಂದ್ರ ಎಂಥಾ ಶೀಘ್ರ? ಅನ್ನ ಬೇಯೂವಷ್ಟೋ, ಮಳಿ ಬರೂವಷ್ಟೋ?”

“ಅಕ್ಕಾರ, ಖರೇ ಹೇಳಬೇಕಂದ್ರ ನಮಗೂ ಗೊತ್ತಿಲ್ಲ.”

“ಹಂಗಾದ್ರ ಹಂಗ ಬರೀಬೇಕಿತ್ತು. ಇವರು ಸಂಜೀಮುಂದ ಬಂದಾರ, ಮನ್ಯಾಗ ಅದಾರ. ‘ಎಲ್ಲಿ ಅದೀರಿ’ ಅಂದ್ರ ಲೋಟಾ ಬಾರಸ್ತಾರ. ನನಗ ಕಣ್ಣಿಲ್ಲ ತಂಗಿ. ನಿಮ್ಮ ಸುದ್ದಿ ಅವರ ಮೊಬೈಲಿಗೆ ಬಂತು. ನನಗ್ಯಾರೂ ಹೇಳಲಿಲ್ಲ. ಅವರ ದನಿ ಅವರಿಗಿಂತ ನಾ ಹೆಚ್ಚು ಕೇಳಾಕಿ. ಬಂದ್ ಆಗಿದ್ದು ಅವರಿಗಷ್ಟ ಅಲ್ಲ, ನನಗೂ ಬಂದ್ ಆಗೇತಿ.”

ಭಾರ್ಗವಿ ಆ ಮಾತನ್ನು ಮನೆಗೆ ಹೋದ ಮೇಲೂ ಮರೆಯಲಿಲ್ಲ. ಸಂಸ್ಥೆ ಇಲ್ಲಿಯವರೆಗೆ ಮಾತಾಡುವವರನ್ನಷ್ಟೇ ಬಳಕೆದಾರರು ಎಂದು ಎಣಿಸಿತ್ತು. ಕೇಳುವವರು ಯಾರ ಲೆಕ್ಕದಲ್ಲೂ ಇರಲಿಲ್ಲ.

*

ಬೆಟಗೇರಿಯ ಮನೆಯಲ್ಲಿ ಅಂದಿನ ಊಟ ಬಹಳ ಹೊತ್ತು ನಡೆಯಿತು. ನೀಲಗಂಗಾ ಅಂಗೈ ಚಾಚುತ್ತಿದ್ದಳು, ಫಕ್ಕೀರಪ್ಪ ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದ. ಕಣ್ಣು ಹೋಗುವ ಮುಂಚೆ ಕಲಿತ ಕನ್ನಡ ಅವಳಿಗೆ ಅಷ್ಟಿಷ್ಟು ನೆನಪಿತ್ತು. ಒತ್ತಕ್ಷರ ಬಂದರೆ ಮಾತ್ರ ಮರೆತುಹೋಗುತ್ತಿತ್ತು.

“ಪ... ಲ... ಪಲ ಏನ್ರಿ? ಒತ್ತು ಹಾಕೀರಾ? ಹಾಂ, ಪಲ್ಯ! ಪಲ್ಯಾ ಏನಾಗೇತಿ?”

ಅವನು ಮತ್ತೆ ಬರೆದ.

“ಉಪ್ಪು ಕಡಿಮಿ? ಇದನ್ನ ಹೇಳಾಕ ಇಷ್ಟು ಹೊತ್ತು ಬೇಕಾತೇನು? ಹಾಕ್ಕೊಂಡು ಉಣ್ಣಬಾರದ?” ಎಂದು ಅವಳು ನಕ್ಕಳು. ಅವನೂ ನಕ್ಕ. ಆದರೆ ಅವನ ನಗೆಗೆ ಸದ್ದಿರಲಿಲ್ಲ. ಹಾಗಾಗಿ ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ. ಹೊಟ್ಟೆ ಕುಲುಕುತ್ತಿದ್ದುದು ಅವಳಿಗೆ ತಿಳಿಯಿತು.

ತಾಟು ತೊಳೆದಿಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು: “ಬರತೈತೋ ಇಲ್ಲೋ ರೀ?”

ಅಂಗೈಯಲ್ಲಿ ಅವನು ಏನೂ ಬರೆಯಲಿಲ್ಲ. ಬೆರಳುಗಳನ್ನು ಹಿಡಿದುಕೊಂಡು ಕೂತ.

*

ಅಚ್ಚುಗಳನ್ನು ಬೇರ್ಪಡಿಸುವ ಕೆಲಸ ನಿಯಂತ್ರಣ ಕೊಠಡಿಯವರು ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದೊಂದನ್ನೂ ನುಡಿಸಿ, ಇಂಥವರದೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಸಂಸ್ಥೆಯ ಮುಖ್ಯಸ್ಥ ಮುಕುಂದ ರಾಯ್ಕರ್ ಕೆಟ್ಟ ಮನುಷ್ಯರಲ್ಲ. ಅವರ ತಂದೆಯೇ ದನಿ ಕಳೆದುಕೊಂಡಿದ್ದರಿಂದ ಈ ಸಂಸ್ಥೆ ಹುಟ್ಟಿದ್ದು. ಅವರಿಗೆ ತಡೆಯಲಾಗಲಿಲ್ಲ.

“ಎಷ್ಟು ದಿನಾ ಅಂತ ಜನಾ ಸುಮ್ಮನಿರಬೇಕು? ನಮ್ಮ ಹತ್ತಿರ ಸಾಮಾನ್ಯ ದನಿ ಅದಾವಲ್ಲ, ಗಂಡಸರಿಗೊಂದು, ಹೆಂಗಸರಿಗೊಂದು. ಸದ್ಯಕ್ಕೆ ಎಲ್ಲರಿಗೂ ಅವನ್ನ ಕೊಡೋಣ. ಮಾತರ ಆಡಲಿ,” ಎಂದರು.

ಇರ್ಫಾನ್ ಒಪ್ಪಿದರು. ಭಾರ್ಗವಿ ಮಾತ್ರ, “ಕೊಡೋಣು ಸರ್. ಆದ್ರ ಮೊದಲ ಹೇಳಿ ಕೊಡೋಣು. ನಾಳೆ ಬರೋದು ನಿಮ್ಮ ದನಿ ಅಲ್ಲ, ಮನೀ ಮಂದಿಗೆ ತಿಳಿಸಿ ಇಡ್ರಿ ಅಂತ,” ಎಂದಳು. ಅದೂ ಸರಿಯೇ ಎಂದು ರಾಯ್ಕರ್ ತಲೆಯಾಡಿಸಿದರು. ಅವಳು ಸಂದೇಶ ಬರೆದು ಅವರ ಒಪ್ಪಿಗೆಗೆ ಕಳಿಸಿದಳು. ಮರುದಿನ ಬೆಳಿಗ್ಗೆ ರಾಯ್ಕರ್ ಬೆಂಗಳೂರಿನವರೊಂದಿಗೆ ಸಭೆಯಲ್ಲಿ ಸಿಕ್ಕಿಬಿದ್ದರು. ಸಂದೇಶ ಅವರ ಮೊಬೈಲಿನಲ್ಲೇ ಉಳಿಯಿತು. ಯಂತ್ರದ ಕಡೆಯವರಿಗೆ ಮಾತ್ರ ಒಪ್ಪಿಗೆ ಆಗಲೇ ಸಿಕ್ಕಿತ್ತು. ಅವರು ಸೇವೆಯನ್ನು ಹಚ್ಚಿಬಿಟ್ಟರು.

ಗೋಡೆಯ ಮೇಲಿನ ಚುಕ್ಕೆಗಳು ಒಮ್ಮೆಲೇ ಹಸಿರಾದಾಗ ಕೊಠಡಿಯಲ್ಲಿ ಚಪ್ಪಾಳೆ ಬಿತ್ತು. ಭಾರ್ಗವಿ ಕುರ್ಚಿ ಬಿಟ್ಟು ಎದ್ದಳು. “ಯಾರು ಹಚ್ಚಿದ್ರಿ? ಇನ್ನೂ ಯಾರಿಗೂ ಹೇಳೇ ಇಲ್ಲ!”

ಆ ಹೊತ್ತಿಗೆ ಬೆಟಗೇರಿಯಲ್ಲಿ ನೀಲಗಂಗಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೆಲಸದ ಹೆಂಗಸರು ಇನ್ನೂ ಬಂದಿರಲಿಲ್ಲ. ಫಕ್ಕೀರಪ್ಪ ಜಳಕ ಮಾಡಿ, ಪಟ್ಟಿ ಕಟ್ಟಿಕೊಂಡು, ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಗ ಕೊರಳಲ್ಲಿ ಹಸಿರು ದೀಪ ಹೊತ್ತಿತು. ಅವನಿಗೆ ಸಂತೋಷದಿಂದ ಮೈಮೇಲೆ ಖಬರಿಲ್ಲದಂತಾಯಿತು. ಹಣಿಗೆ ಅಲ್ಲೇ ಒಗೆದು ಅಡಿಗೆಮನೆಗೆ ಓಡಿದ. ಹೆಂಡತಿಯ ಬೆನ್ನ ಹಿಂದೆ ಬಗ್ಗಿ, “ನೀಲಾ, ಬಂತು ನೋಡು!” ಎಂದ.

ಅದು ಎಳೆಯ ಗಂಡಸಿನ ದನಿ. ನುಣುಪಾಗಿತ್ತು, ಅಪರಿಚಿತವಾಗಿತ್ತು. ಅವಳ ಕಿವಿಯ ಹತ್ತಿರವೇ ಇತ್ತು.

ನೀಲಗಂಗಾ ಚೀರಿದಳು. ಕೈಗೆ ಸಿಕ್ಕಿದ ನೀರಿನ ಬಟ್ಟಲನ್ನು ದನಿ ಬಂದತ್ತ ಬೀಸಿ ಒಗೆದಳು. ಅದು ಫಕ್ಕೀರಪ್ಪನ ಹುಬ್ಬಿಗೆ ತಾಗಿತು.

“ಯಾರಂವಾ? ಯಾರ ನೀ? ಇವರೆಲ್ಲಿ? ಏನ್ ಮಾಡಿದಿ ಅವರಿಗೆ?”

“ನಾನ ನೀಲಾ! ನಾನ, ನಾನ!” ಎಂದಿತು ಆ ದನಿ. ತನ್ನ ಹೆಸರು ಪರಕೀಯನ ಬಾಯಲ್ಲಿ ಕೇಳಿ ಅವಳಿಗೆ ಮತ್ತಷ್ಟು ಭಯವಾಯಿತು. ಎದ್ದು ಹಿಂದೆ ಸರಿದಳು. ಹಿಂದೆ ಒಲೆಯಿತ್ತು. ಸೆರಗಿನ ಚುಂಗು ಉರಿಯ ಪಕ್ಕ ತೂಗಾಡಿತು.

ಫಕ್ಕೀರಪ್ಪ ಪಟ್ಟಿಯನ್ನು ಕಿತ್ತೆಸೆದು ಮುಂದೆ ನುಗ್ಗಿದ. ಅವಳ ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡ. ಅವಳು ಎರಡೂ ಕೈಯಿಂದ ಅವನ ಮುಖಕ್ಕೆ, ಎದೆಗೆ ಬಡಿದಳು. ಬಿಡಿಸಿಕೊಳ್ಳಲು ಕತ್ತಿಗೆ ಕೈ ಹಾಕಿದಾಗ ಬೆರಳಿಗೆ ಆ ತೂತು ತಾಗಿತು. ಬಿಸಿ ಉಸಿರು ಬೆರಳ ತುದಿಗೆ ಹತ್ತಿತು. ದಿನಾಲು ಬೆಳಿಗ್ಗೆ ಅರಿವೆ ಒದ್ದೆ ಮಾಡಿ ಅವಳೇ ಒರೆಸುತ್ತಿದ್ದ ಗಾಯ ಅದು.

ಅವಳ ಕೈ ನಿಂತಿತು. “ನೀವಾ?”

ಅವನು ಅವಳ ಅಂಗೈಗೆ ಒಮ್ಮೆ ಬಡಿದ. ಅವಳು ಅವನ ಹುಬ್ಬಿನ ಮೇಲಿನ ರಕ್ತವನ್ನು ಮುಟ್ಟಿ ನೋಡಿ, ಅಲ್ಲಿಯೇ ಕುಸಿದು ಕುಳಿತು ಅತ್ತಳು. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿತು.

ಭಾರ್ಗವಿಯ ಸಂದೇಶ ಅವನ ಮೊಬೈಲಿಗೆ ಬಂದದ್ದು ಆಮೇಲೆ.

*

ಅಂದಿನಿಂದ ಫಕ್ಕೀರಪ್ಪ ಮನೆಯ ಬಾಗಿಲಲ್ಲೇ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮಾತ್ರ ಕಟ್ಟಿಕೊಳ್ಳುತ್ತಿದ್ದ. ವಿಮಾನ ನಿಲ್ದಾಣದಲ್ಲಿ ಕೂಗುವವರಂಥ ಆ ನುಣುಪು ದನಿ ಅಲ್ಲಿ ಜನರಿಗೆ ಒಂದು ತಮಾಷೆಯಾಗಿತ್ತು. “ಏನ್ರಿ ಸಾಹೇಬ್ರ, ಗಜೇಂದ್ರಗಡಕ್ಕ ವಿಮಾನ ಬಿಟ್ಟಾರೇನು?” ಎಂದು ದ್ಯಾಮಣ್ಣ ಕಾಡುತ್ತಿದ್ದ. ಒಂದು ದಿನ ಪಟ್ಟಿ ಕಟ್ಟಿದ ಪ್ರಯಾಣಿಕನೊಬ್ಬ ಕಿಟಕಿಗೆ ಬಂದು ಕೊಪ್ಪಳದ ಬಸ್ಸು ಕೇಳಿದ. ಫಕ್ಕೀರಪ್ಪ ಉತ್ತರ ಹೇಳಿದ. ಕೇಳಿದ್ದೂ ಹೇಳಿದ್ದೂ ಒಂದೇ ದನಿ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಆ ನಗೆ ಮುಗಿದ ಮೇಲೆ ಇಬ್ಬರಿಗೂ ಮಾತಾಡಲು ಮನಸ್ಸಾಗಲಿಲ್ಲ.

ಭಾರ್ಗವಿ ಈಗ ಮನೆಮನೆಗೆ ಫೋನು ಮಾಡಿಸುತ್ತಿದ್ದಳು. ಪಟ್ಟಿ ಕಟ್ಟಿದವರಿಗಷ್ಟೇ ಅಲ್ಲ, ಅವರ ಮಾತು ಕೇಳುವವರಿಗೂ. ಗದಗಿಗೆ ತಾನೇ ಮಾಡಿದಳು. ಒಲೆಯ ಮುಂದೆ ನಡೆದದ್ದನ್ನು ನೀಲಗಂಗಾ ಹೇಳಿದಳು.

“ತಪ್ಪಾತ್ರೀ ಅಕ್ಕಾರ. ಹೇಳಿ ಹಚ್ಚಬೇಕಾಗಿತ್ತು.”

“ಹೌದು, ತಪ್ಪಾತು,” ಎಂದಳು ನೀಲಗಂಗಾ. ಆಮೇಲೆ, “ನೀ ಉಂಡಿಯೇನು? ನಿನ್ನ ದನಿ ಬಾಡೇತಿ,” ಎಂದಳು.

ಇರ್ಫಾನ್ ಮತ್ತು ಅವರ ಜನ ಒಂದೊಂದೇ ಅಚ್ಚನ್ನು ಅದರ ಒಡೆಯರಿಗೆ ಮುಟ್ಟಿಸುತ್ತಾ ಬಂದರು. ಬಾಗಲಕೋಟೆಯ ಮಾಸ್ತರರಿಗೆ ಅವರ ದನಿ ಸಿಕ್ಕಿತು. ತುಮಕೂರಿನ ಅಜ್ಜಿ ಮೊಮ್ಮಗಳನ್ನು ಕರೆದರು. ಆದರೆ ಕೆಲವೇ ಕೆಲವು ಅಚ್ಚುಗಳ ಮೇಲೆ ಬೇರೆ ಅಚ್ಚು ಬಿದ್ದು ಪೂರಾ ಅಳಿಸಿಹೋಗಿದ್ದವು. ಅವುಗಳಲ್ಲಿ ಫಕ್ಕೀರಪ್ಪ ಬಡಿಗೇರನದೂ ಒಂದು.

“ಮೂಲ ಧ್ವನಿಮುದ್ರಣ?” ಎಂದಳು ಭಾರ್ಗವಿ.

“ಅಚ್ಚು ಕಟ್ಟಿದ ಮ್ಯಾಲೆ ಅಳಿಸಿಬಿಡಬೇಕು ಅಂತ ನಮ್ಮದ ನಿಯಮ. ಜನರ ಖಾಸಗಿ ಮಾತು ನಮ್ಮ ಹತ್ತಿರ ಇರಬಾರದು ಅಂತ,” ಎಂದರು ಇರ್ಫಾನ್. ಅವರ ಕಣ್ಣು ಕೆಂಪಗಾಗಿದ್ದವು.

ಇದನ್ನು ಮೊಬೈಲಿಗೆ ಬರೆದು ಕಳಿಸಲು ಭಾರ್ಗವಿಗೆ ಮನಸ್ಸು ಬರಲಿಲ್ಲ. ಫೋನಿನಲ್ಲಿ ಹೇಳಲೂ ಬರಲಿಲ್ಲ. ಮರುದಿನ ಗದಗಿನ ಬಸ್ಸು ಹತ್ತಿದಳು.

ನೀಲಗಂಗಾ ಅವಳನ್ನು ಒಳಗೆ ಕರೆದು ಚಾಪೆ ಹಾಸಿದಳು. ಫಕ್ಕೀರಪ್ಪ ಅಂದು ರಜೆ ಹಾಕಿ ಮನೆಯಲ್ಲೇ ಇದ್ದ. ಅವನ ಹುಬ್ಬಿನ ಮೇಲೆ ಇನ್ನೂ ಕಲೆಯಿತ್ತು. ಭಾರ್ಗವಿ ಸುತ್ತು ಬಳಸದೆ ಹೇಳಿದಳು: “ನಿಮ್ಮ ಅಚ್ಚು ಹೋಗೇದರೀ. ಮರಳಿ ಬರೋದಿಲ್ಲ. ಹುಡುಕೋದೆಲ್ಲ ಹುಡುಕೇವಿ.”

ಫಕ್ಕೀರಪ್ಪ ನೆಲ ನೋಡಿದ. ನೀಲಗಂಗಾ ಕೈ ಚಾಚಿ ಅವನ ಮೊಣಕಾಲು ಮುಟ್ಟಿದಳು. ಆಮೇಲೆ, “ಇಷ್ಟು ಹೇಳಾಕ ಹುಬ್ಬಳ್ಳಿಯಿಂದ ಬಂದಿಯಾ?” ಎಂದು ಕೇಳಿದಳು.

“ಹೌದ್ರಿ.”

“ಛಲೋ ಮಾಡಿದಿ.”

ಹಳೆಯ ದನಿ ಎಲ್ಲಾದರೂ ಉಳಿದಿದೆಯೇ ಎಂದು ಮೂವರೂ ಯೋಚಿಸಿದರು. ಮದುವೆಯ ವಿಡಿಯೋದಲ್ಲಿ ಬಾಜಾಬಜಂತ್ರಿ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಫಕ್ಕೀರಪ್ಪ ಮಾತಾಡಿದ್ದೆಲ್ಲ ಮೈಕಿನಲ್ಲಿ. ಬಸ್ಸು ಹೋದ ಹಾಗೆ ಅದೂ ಹೋಗಿತ್ತು.

“ನನ್ನ ಕಿವಿಯಾಗ ಐತಿ,” ಎಂದಳು ನೀಲಗಂಗಾ, ದುಃಖದಿಂದ. “ಆದ್ರ ಅದನ್ನ ತಗದು ನಿಮ್ಮ ಕೈಯಾಗ ಹೆಂಗ ಕೊಡ್ಲಿ?”

ಭಾರ್ಗವಿ ಹುಬ್ಬಳ್ಳಿಗೆ ಮರಳಿ ಆ ಮಾತನ್ನು ಇದ್ದಂತೆಯೇ ಇರ್ಫಾನರಿಗೆ ಹೇಳಿದಳು. ಅವರು ಚಹಾದ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಚಹಾ ಆರಿಹೋಯಿತು. ಕುಡಿಯದೆ ಮೇಜಿನ ಮೇಲಿಟ್ಟು, “ಕರೀರಿ ಅವರನ್ನ,” ಎಂದರು. “ಕಣ್ಣಿನ ಡಾಕ್ಟರ್ ಚಷ್ಮಾ ಹೆಂಗ ಕೊಡ್ತಾರ? ಗಾಜು ಬದಲಿಸಿ ಬದಲಿಸಿ ‘ಇದು ಛಲೋ ಕಾಣತೈತೋ, ಅದೋ’ ಅಂತ ಕೇಳ್ತಾರಲ್ಲ? ನಾವೂ ಎರಡೆರಡು ದನಿ ಕೇಳಸೋಣ. ಯಾವುದು ಹತ್ತಿರ ಅಂತ ಅವರು ಹೇಳಲಿ. ಹತ್ತಿರ ಅಂದಿದ್ದರಿಂದ ಮತ್ತೆರಡು ಹುಟ್ಟಸೋಣ.”

*

ನೀಲಗಂಗಾ ಲ್ಯಾಬಿನ ಗಾಜಿನ ಕೋಣೆಯಲ್ಲಿ ಕುಳಿತದ್ದು ರೇಷ್ಮೆ ಸೀರೆ ಉಟ್ಟುಕೊಂಡು. ಎದುರಿಗೆ ಫಕ್ಕೀರಪ್ಪ. ಅವನು ಬಾಯಾಡಿಸಿದಂತೆ ಯಂತ್ರ ಅದೇ ಮಾತನ್ನು ಎರಡು ದನಿಯಲ್ಲಿ ಹೇಳುತ್ತಿತ್ತು. ಅವನಿಗೆ ಹೇಳಲು ಬೇರೆ ಮಾತು ತೋಚದೆ ಊರಿನ ಹೆಸರುಗಳನ್ನೇ ಕೂಗಿದ: ಶಿರಹಟ್ಟಿ, ಲಕ್ಷ್ಮೇಶ್ವರ, ಸವಣೂರ.

“ಮೊದಲಿಂದು,” ಎನ್ನುತ್ತಿದ್ದಳು ನೀಲಗಂಗಾ. “ಊಂಹೂಂ, ಎರಡೂ ಅಲ್ಲ. ಇದು ಅವರ ತಮ್ಮನ ದನಿ ಆತು... ಇದರಾಗ ಬೆಲ್ಲ ಭಾಳ ಆತು, ಇವರದು ಇಷ್ಟು ಸಿಹಿ ಇಲ್ಲ... ಹಾಂ, ಇದು ನೆಗಡಿ ಬಂದಾಗಿನ ದನಿ, ಹತ್ತಿರ ಐತಿ, ಮೂಗು ಬಿಡಸ್ರಿ.”

ಇರ್ಫಾನ್ ನಗುತ್ತಾ ಮೂಗು ಬಿಡಿಸಿದರು. ಹೀಗೆ ಕೆಲವು ದಿನ ನಡೆಯಿತು. ಬೆಳಿಗ್ಗೆ ಗಂಡ ಹೆಂಡತಿ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಹೋಗುತ್ತಿದ್ದರು. ಬರುವಾಗ ನೀಲಗಂಗಾ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬರುತ್ತಿದ್ದಳು. ಅಚ್ಚು ಕಳೆದುಕೊಂಡ ಉಳಿದವರ ಮನೆಯವರನ್ನೂ ಭಾರ್ಗವಿ ಕರೆಸಿದ್ದಳು. ರಾಯಚೂರಿನಿಂದ ಒಬ್ಬ ತಾಯಿ, ಶಿರಸಿಯಿಂದ ಅವಳಿಜವಳಿ ಅಕ್ಕ. ಪಕ್ಕದ ಕೋಣೆಗಳಲ್ಲಿ ಅವರು ತಮ್ಮ ತಮ್ಮವರ ದನಿ ಹುಡುಕುತ್ತಿದ್ದರು. ರಾಯ್ಕರ್ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಹೊರಡುವಾಗ ಭಾರ್ಗವಿಗೆ, “ಇನ್ನ ಮುಂದ ನಿನ್ನ ಸಂದೇಶಕ್ಕ ನನ್ನ ಒಪ್ಪಿಗಿ ಬ್ಯಾಡ. ನೀ ಮೊದಲ ಹೇಳು, ಆಮ್ಯಾಲೆ ಅವರು ಯಂತ್ರ ಹಚ್ಚಲಿ,” ಎಂದರು.

ಕಡೆಯ ದಿನ ಫಕ್ಕೀರಪ್ಪ “ಲಕ್ಷ್ಮೇಶ್ವರ” ಎಂದಾಗ ನೀಲಗಂಗಾ ಮುಂದೆ ಬಾಗಿದಳು. ಎರಡನೆಯ ದನಿಗೆ ಕಾಯಲೇ ಇಲ್ಲ.

“ಇವರ! ಇದು ಇವರ ದನಿ!”

ಗಾಜಿನಾಚೆ ಎಲ್ಲರೂ ಎದ್ದು ನಿಂತರು. ಭಾರ್ಗವಿ ಕಣ್ಣೊರೆಸಿಕೊಂಡಳು. ಇರ್ಫಾನ್ ಅಚ್ಚನ್ನು ಭದ್ರಪಡಿಸಲು ಕೈ ಮುಂದೆ ಮಾಡಿದಾಗ ನೀಲಗಂಗಾ, “ತಡೀರಿ,” ಎಂದಳು.

“ಯಾಕ್ರಿ? ಸರಿ ಇಲ್ಲೇನು?”

“ಸರಿ ಐತಿ. ಇದು ಇವರದ. ಆದ್ರ ಈಗಿನ ಇವರಲ್ಲ.” ಅವಳು ಸ್ವಲ್ಪ ನಾಚಿಕೊಂಡಳು. “ಆಪರೇಷನ್ ಆದಾಗಿಂದ ಇವರ ದನಿಗೆ ವಯಸ್ಸ ಆಗಿಲ್ಲ ನೋಡ್ರಿ. ಅಚ್ಚು ಹೆಂಗಿತ್ತೋ ಹಂಗ ಕುಂತಿತ್ತು. ನನ್ನ ದನಿ ಮಾತ್ರ ಒಡೀತು, ನಡುಗಾಕ ಹತ್ತಿತು. ಹೊಸದಾಗಿ ಬಂದ ಖಾನಾವಳಿಯಾಂವ ಬಾಗಲಾ ಬಡದು, ‘ಅಮ್ಮಾರ, ನಿಮ್ಮ ಮಗ ಅದಾನೇನ್ರಿ ಒಳಗ?’ ಅಂತ ಕೇಳಿದ. ನನಗೂ ಒಮ್ಮೊಮ್ಮೆ ಅನಸ್ತಿತ್ತು, ನಾ ಒಬ್ಬಾಕಿನ ಮುದುಕಿ ಆಗಾಕತ್ತೀನಿ ಅಂತ. ಹೆಂಗೂ ಹೊಸದಾಗಿ ಮಾಡಾಕತ್ತೀರಿ. ಸ್ವಲ್ಪ ವಯಸ್ಸ ಹಾಕ್ರಿ.”

ಇರ್ಫಾನ್ ಫಕ್ಕೀರಪ್ಪನ ಕಡೆ ನೋಡಿದರು. ದನಿ ಅವನದು, ಒಪ್ಪಬೇಕಾದವನು ಅವನು. ಫಕ್ಕೀರಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಇಷ್ಟು ವರ್ಷ ಇದನ್ನು ಅವಳು ಒಳಗೇ ಇಟ್ಟುಕೊಂಡಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಆಗಲಿ ಎಂದು ತಲೆಯಾಡಿಸಿದ.

“ಎಷ್ಟು ಹಾಕಲ್ರಿ?” ಎಂದರು ಇರ್ಫಾನ್.

ನೀಲಗಂಗಾ ಕೈ ಚಾಚಿ ಗಂಡನ ಮುಖ ಮುಟ್ಟಿದಳು. ಹಣೆಯ ಗೆರೆಗಳ ಮೇಲೆ, ಇಳಿದ ಗಲ್ಲದ ಮೇಲೆ, ನೆತ್ತಿಯ ತೆಳ್ಳನೆಯ ಕೂದಲ ಮೇಲೆ ಬೆರಳಾಡಿಸಿದಳು. “ಹಚ್ಚುಕೋತ ಹೋಗ್ರಿ. ನಾ ಸಾಕಂತೀನಿ.”

ಇರ್ಫಾನ್ ಮೆಲ್ಲಗೆ ಏರಿಸುತ್ತಾ ಹೋದರು. ಫಕ್ಕೀರಪ್ಪ ಊರುಗಳನ್ನು ಕೂಗುತ್ತಾ ಹೋದ. ಶಿರಹಟ್ಟಿಯಲ್ಲಿ ದನಿ ಸ್ವಲ್ಪ ಒರಟಾಯಿತು. ಸವಣೂರಿನಲ್ಲಿ ತಗ್ಗಿತು. ಹಾವೇರಿಗೆ ಬರುವ ಹೊತ್ತಿಗೆ ತುದಿಯಲ್ಲೊಂದು ಸಣ್ಣ ನಡುಕ ಸೇರಿಕೊಂಡಿತು.

“ಸಾಕು,” ಎಂದಳು ನೀಲಗಂಗಾ. ಅವಳ ಬೆರಳು ಇನ್ನೂ ಅವನ ಕೆನ್ನೆಯ ಮೇಲಿದ್ದವು. “ಏನರ ಮಾತಾಡ್ರಿ. ಊರ ಹೆಸರು ಬ್ಯಾಡ.”

“ಏನ್ ಮಾತಾಡ್ಲಿ?” ಎಂದ ಫಕ್ಕೀರಪ್ಪ ಹೊಸ ದನಿಯಲ್ಲಿ. “ಮುದುಕನ್ನ ಮಾಡಿಬಿಟ್ಟೆಲ್ಲ ನೀಲಾ!”

ಅವಳು ಜೋರಾಗಿ ನಕ್ಕಳು. ಅವಳ ನಗು ನೋಡಿ ಅವನೂ ನಕ್ಕ. ಈ ಸಲ ಅವನ ನಗು ಕೇಳಿಸಿತು.

ಸಂಜೆ ಭಾರ್ಗವಿ ಅವರಿಬ್ಬರನ್ನೂ ಗದಗಿನ ಬಸ್ಸಿಗೆ ಹತ್ತಿಸಿ ಬಂದಳು. ಬಸ್ಸು ಅಣ್ಣಿಗೇರಿ ದಾಟುವವರೆಗೂ ಫಕ್ಕೀರಪ್ಪನ ಬಾಯಿಗೆ ಬಿಡುವಿರಲಿಲ್ಲ. ಇಷ್ಟು ದಿನ ಅಂಗೈ ಮೇಲೆ ಬರೆಯಲಾರದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳುತ್ತಾ ಹೋದ. ಹೊಲದಲ್ಲಿ ಕುಸುಬಿ ಹೂಬಿಟ್ಟದ್ದು, ದ್ಯಾಮಣ್ಣನ ಮಗಳಿಗೆ ವರ ಗೊತ್ತಾದದ್ದು, ಮುಂದಿನ ಸೀಟಿನ ಕೂಸು ಇವರನ್ನೇ ತಿರುಗಿ ತಿರುಗಿ ನೋಡುತ್ತಿರುವುದು. ನೀಲಗಂಗಾ ಮೊದಮೊದಲು ಹೂಂಗುಟ್ಟುತ್ತಿದ್ದಳು. ಆಮೇಲೆ ಅವಳ ತಲೆ ಅವನ ಹೆಗಲಿಗೆ ವಾಲಿತು. ಎಷ್ಟೋ ದಿನಗಳ ನಿದ್ದೆ ಅದು.

ಅವಳು ಮಲಗಿದ್ದು ಫಕ್ಕೀರಪ್ಪನಿಗೆ ಗೊತ್ತಾಯಿತು. ದನಿ ತಗ್ಗಿಸಿದ, ಆದರೆ ಮಾತು ನಿಲ್ಲಿಸಲಿಲ್ಲ.